ಎಡೆ ಪಟ್ಟಿಯ ನಾಲ್ಕನೇ ಕಾಲಂ

ಈ ವರ್ಷ ಹಾಸನದಲ್ಲಿ ನಡೆದ ಶಾಲಾ ಮಕ್ಕಳ ಪರಂಪರೆಯ ಪ್ರದರ್ಶನದಲ್ಲಿ ನಮ್ಮ ಶಾಲೆಗೆ ಏನೂ ಬರಲಿಲ್ಲ. ತೀರ್ಪುಗಾರರು ನಮ್ಮ ಮೇಜಿನ ಮುಂದೆ ನಿಂತರು, ಮೇಲೆ ನೋಡಿದರು, ಯಾವುದಕ್ಕೂ ಇರಲಿ ಎಂದು ಬಗ್ಗಿ ಮೇಜಿನ ಕೆಳಗೂ ನೋಡಿದರು. ಆಮೇಲೆ, "ಮಾಡೆಲ್ ಎಲ್ಲಿ ಸಾರ್?" ಎಂದು ಕೇಳಿದರು.

ಮಾಡೆಲ್ ಇರಲಿಲ್ಲ. ಮೂರು ಚಾರ್ಟು, ಒಂದು ನೋಟ್‌ಬುಕ್ಕು ಇದ್ದವು. ಪಕ್ಕದ ಮೇಜಿನಲ್ಲಿ ಸೋಪಿನಲ್ಲಿ ಕೆತ್ತಿದ ಗೊಮ್ಮಟ ನಿಂತಿದ್ದ. ಅವನಿಂದ ಆ ಸಾಲೆಲ್ಲ ಬಚ್ಚಲುಮನೆಯ ಹಾಗೆ ಘಮ್ಮೆನ್ನುತ್ತಿತ್ತು. ಬಹುಮಾನ ಅವನಿಗೇ ಹೋಯಿತು. ಅದು ಸರಿಯಾದ ತೀರ್ಪು.

ಮಾಡೆಲ್ ಯಾಕಿಲ್ಲ ಎಂದರೆ, ಮಾಡೆಲ್ ಮಾಡುತ್ತಿದ್ದ ನನ್ನ ಹೆಂಡತಿ ಶಿವರಾತ್ರಿ ಕಳೆದ ವಾರಕ್ಕೆ ತೀರಿಕೊಂಡಿದ್ದಳು. ಇದನ್ನು ತೀರ್ಪುಗಾರರಿಗೆ ಹೇಳಲಾಗುವುದಿಲ್ಲ. ಹೇಳಿದ್ದರೆ ಇಷ್ಟು ವರ್ಷದ ಸರ್ಟಿಫಿಕೇಟುಗಳನ್ನೂ ವಾಪಸ್ಸು ಕೇಳುತ್ತಿದ್ದರೋ ಏನೋ.

ನಾನು ಹಳೇಕೋಟೆ ಕಡೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಹೇಳಿಕೊಡುವವನು. ಮನೆ ಹೊಳೆನರಸೀಪುರದಲ್ಲಿ. ತಾಲ್ಲೂಕಿನಲ್ಲಿ ನನಗೆ ‘ಥರ್ಮಾಕೋಲ್ ಮೇಷ್ಟ್ರು’ ಎಂದು ಹೆಸರು. ವರ್ಷ ವರ್ಷ ನಮ್ಮ ಶಾಲೆಯಿಂದ ಹೋಗುತ್ತಿದ್ದ ಹೊಯ್ಸಳ ದೇವಸ್ಥಾನ ಅಷ್ಟು ಚೆನ್ನಾಗಿರುತ್ತಿತ್ತು. ಅದನ್ನು ನಮ್ಮ ಅಡುಗೆಮನೆಯಲ್ಲಿ ನನ್ನ ಹೆಂಡತಿ ಮಾಡುತ್ತಿದ್ದಳು. ಊದಿನಕಡ್ಡಿಯ ಕೆಂಡದಿಂದ ಥರ್ಮಾಕೋಲಿಗೆ ತೂತು ಕೊರೆದು ಜಾಲಂದ್ರ ಮಾಡುವುದು ಅವಳೇ ಕಂಡುಕೊಂಡ ವಿದ್ಯೆ. ಮಕ್ಕಳು ಬಂದು ಬಣ್ಣ ಬಳಿಯುತ್ತಿದ್ದರು. ನಾನು ಗೋಂದಿನ ಬಾಟಲಿ ಹಿಡಿದುಕೊಂಡು ನಿಂತು, ನಕ್ಷತ್ರಾಕಾರದ ಜಗತಿಯ ಬಗ್ಗೆ ಮಾತಾಡುತ್ತಿದ್ದೆ.

ಒಂದು ವರ್ಷ ಹಾಸನದ ಬಸ್ಸಿನಲ್ಲಿ ದೇವಸ್ಥಾನವನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದೆ. ಗಾಳಿ ಬರಲಿ ಎಂದು ಕಿಟಕಿ ಸರಿಸಿದವನೂ ನಾನೇ. ಶಿಖರ ಹಾರಿ ಗದ್ದೆಗೆ ಹೋಯಿತು. ಪಕ್ಕದಲ್ಲಿ ಕೂತಿದ್ದ ಅವಳು ಹಾಸನದ ಬಸ್‌ಸ್ಟ್ಯಾಂಡಿನಲ್ಲಿ ಇಳಿದು, ಟೀ ಕುಡಿಯುವ ನಾಲ್ಕು ಕಾಗದದ ಲೋಟ ತಂದು, ಒಂದರ ಮೇಲೊಂದು ಬೋರಲು ಕೂರಿಸಿ ಶಿಖರ ಮಾಡಿದಳು. ಎರಡನೇ ಬಹುಮಾನ ಬಂತು. ವೇದಿಕೆಗೆ ಹೋಗಿ ಕೈಮುಗಿದು ತೆಗೆದುಕೊಂಡವನು ನಾನು.

ಈ ಸಲ ಗೌರಿ ಗಣೇಶ ಮುಗಿಯುತ್ತಿದ್ದ ಹಾಗೇ ಸುತ್ತೋಲೆ ಬಂತು. ದಸರಾ ರಜೆ ಮುಗಿದ ಮೇಲೆ ಪ್ರದರ್ಶನ. ಹೆಡ್‌ಮಾಸ್ಟರು ಅದನ್ನು ನನ್ನ ಕಡೆ ಸರಿಸಿ, ನನ್ನ ಮುಖ ನೋಡಿ, ಮತ್ತೆ ತಮ್ಮ ಕಡೆಗೇ ಎಳೆದುಕೊಂಡರು.

"ಬ್ಯಾಡ ಬಿಡಿ ಮೇಷ್ಟ್ರೆ, ಈ ವರ್ಷ ಬೇರೆ ಯಾರಾದ್ರೂ ನೋಡ್ಕತಾರೆ."

"ಇಲ್ಲ ಸಾರ್, ನಾನೇ ಮಾಡ್ತೀನಿ," ಅಂದೆ. ಬಾಯಿಂದ ಬಂದುಬಿಟ್ಟಿತು. ಇಷ್ಟು ವರ್ಷ ನಾನೇ ಮಾಡುತ್ತಿದ್ದೆ ಎಂದು ಅವರು ನಂಬಿದ್ದರಲ್ಲ, ಆ ನಂಬಿಕೆಯನ್ನು ಉಳಿಸಿಕೊಳ್ಳಬೇಕಿತ್ತು.

ಆ ಭಾನುವಾರ ಮನೆಯಲ್ಲಿ ಒಬ್ಬನೇ ಕೂತು ಥರ್ಮಾಕೋಲ್ ಕೊಯ್ದೆ. ಸಂಜೆಯ ಹೊತ್ತಿಗೆ ದೇವಸ್ಥಾನ ಗ್ಯಾಸ್ ಸಿಲಿಂಡರಿನ ಹಾಗೆ ಕಾಣುತ್ತಿತ್ತು. ಬಿಳಿ ಕಾಳುಗಳು ಮನೆಯೆಲ್ಲ ಹಾರಿ ಪರದೆಗೆ, ಹಾಸಿಗೆಗೆ, ಗೋಡೆಯ ಮೇಲಿನ ಅವಳ ಫೋಟೋಗೆ ಅಂಟಿಕೊಂಡವು. ಫೋಟೋ ಒರೆಸಿದಷ್ಟೂ ಇನ್ನಷ್ಟು ಬಂದು ಕೂತವು. ಅವಳು ನಗುತ್ತಿದ್ದ ಫೋಟೋ ಅದು. ಈಗ ನಗುವುದಕ್ಕೆ ಕಾರಣವೂ ಇತ್ತು.

ಮಾರನೇ ದಿನ ಒಂಬತ್ತನೇ ತರಗತಿಗೆ ಹೋಗಿ, ಬಹಳ ಯೋಚಿಸಿ ಕಂಡುಕೊಂಡವನ ಹಾಗೆ ಹೇಳಿದೆ: "ಕಲ್ಲು, ಗುಡಿ ಮಾತ್ರ ಪರಂಪರೆ ಅಲ್ಲ. ನಮ್ಮ ಮನೆಯ ಆಚರಣೆಗಳೂ ಪರಂಪರೆ. ಈ ಸಲ ನಾವು ಪಕ್ಷದ ಎಡೆಯ ಬಗ್ಗೆ ಪ್ರಾಜೆಕ್ಟ್ ಮಾಡೋಣ." ನಿಜ ಏನೆಂದರೆ, ಕತ್ತರಿ, ಗೋಂದು ಬೇಡದ, ಬರೀ ಪೆನ್ನು ಸಾಕಾಗುವ ವಿಷಯ ನನಗೆ ಅದೊಂದೇ ಹೊಳೆದಿತ್ತು.

ನಮ್ಮ ಕಡೆ ಪಕ್ಷ ಎಂದರೆ ಎಲ್ಲರಿಗೂ ಗೊತ್ತು. ಮಹಾಲಯ ಅಮಾವಾಸ್ಯೆಗೆ ಹಿಂದಿನ ಹದಿನೈದು ದಿನದಲ್ಲಿ ಮನೆಮನೆಯಲ್ಲೂ ಒಂದು ದಿನ ಹಿರಿಯರಿಗೆ ಎಡೆ ಇಡುತ್ತಾರೆ. ತೀರಿಕೊಂಡವರು ಬದುಕಿದ್ದಾಗ ಏನು ಇಷ್ಟಪಡುತ್ತಿದ್ದರೋ ಅದನ್ನೇ ಮಾಡಿ, ಬಾಳೆ ಎಲೆಯ ಮೇಲೆ ಬಡಿಸಿ, ಧೂಪ ಹಾಕಿ, ಬಾಗಿಲು ಮುಂದೆ ಮಾಡಿಕೊಂಡು ಮನೆಯವರೆಲ್ಲ ಹೊರಗೆ ನಿಲ್ಲುತ್ತಾರೆ. ಅವರು ಬಂದು ಉಂಡು ಹೋಗುತ್ತಾರೆ ಎಂಬ ನಂಬಿಕೆ. ಆಮೇಲೆ ಆ ಎಡೆಯನ್ನು ಮನೆಯವರು ತಿನ್ನುತ್ತಾರೆ. ಇಷ್ಟವಾದದ್ದು ಇಲ್ಲದಿದ್ದರೆ ಬಂದವರು ಹೊಸ್ತಿಲಲ್ಲೇ ನಿಂತು ಹಾಗೇ ಹೊರಟುಹೋಗುತ್ತಾರೆ ಎಂದು ನಮ್ಮಮ್ಮ ಹೇಳುತ್ತಿದ್ದಳು.

ನಾನು ಬೋರ್ಡಿನ ಮೇಲೆ ನಾಲ್ಕು ಕಾಲಂ ಎಳೆದೆ. ತೀರಿಕೊಂಡವರು ಯಾರು, ಎಡೆಗೆ ಏನಿಡುತ್ತಾರೆ, ಯಾಕೆ, ಮತ್ತು ಹೇಳಿದವರು ಯಾರು. ನಾಲ್ಕನೆಯದರ ಬಗ್ಗೆ ನನಗೆ ಬಹಳ ಹೆಮ್ಮೆ. "ನೀವಾಗಿ ಊಹಿಸಿ ಬರೆಯೋ ಹಾಗಿಲ್ಲ. ಗೊತ್ತಿದ್ದವರನ್ನ ಕೇಳಬೇಕು, ಕೇಳಿದ್ದು ಯಾರನ್ನ ಅಂತ ಬರೀಬೇಕು. ಹೇಳಿದವರಿಲ್ಲದ ಮಾತು ಚರಿತ್ರೆ ಅಲ್ಲ," ಎಂದು ಡಸ್ಟರಿನಿಂದ ಮೇಜು ಕುಟ್ಟಿ ಹೇಳಿದೆ.

ಒಂದು ವಾರದಲ್ಲಿ ಪಟ್ಟಿಗಳು ಬಂದವು. ಇಷ್ಟು ಚೆನ್ನಾಗಿ ಬಂದ ಪ್ರಾಜೆಕ್ಟು ನನ್ನ ಸರ್ವಿಸ್ಸಿನಲ್ಲೇ ಇಲ್ಲ. ನಾನು ಏನೂ ಮಾಡದೆ ಇದ್ದದ್ದೇ ಅದಕ್ಕೆ ಕಾರಣ ಇರಬೇಕು.

ಲಿಂಗಾಯತರ ಮನೆಯ ಹುಡುಗಿಯೊಬ್ಬಳು ತಾತನ ಎಡೆಗೆ ಮೈಸೂರುಪಾಕು ಎಂದು ಬರೆದಿದ್ದಳು. ‘ಯಾಕೆ’ ಎಂಬಲ್ಲಿ, ‘ಶುಗರ್ ಇತ್ತು ಅಂತ ಆರು ವರ್ಷ ಕೊಟ್ಟಿರಲಿಲ್ಲ. ಈಗ ಏನೂ ಆಗಲ್ಲ’ ಎಂದಿತ್ತು. ಇನ್ನೊಂದು ಮನೆಯಲ್ಲಿ ಅಜ್ಜಿಗೆ ನಶ್ಯದ ಡಬ್ಬಿಯ ಜೊತೆ ಟೀವಿಯನ್ನೂ ಹಾಕಿ ಬಾಗಿಲು ಮುಂದೆ ಮಾಡುತ್ತಾರಂತೆ. "ಸೀರಿಯಲ್ ಬರೋ ಟೈಮ್‌ಗೇ ಎಡೆ ಇಡೋದು ಸಾ, ಇಲ್ದಿದ್ರೆ ಬರಾಕಿಲ್ಲ ಅಂತಾರೆ ನಮ್ ದೊಡ್ಡಪ್ಪ." ಮೂರು ಮನೆಗಳಲ್ಲಿ ಬ್ರಾಂದಿ. ಹೆಡ್‌ಮಾಸ್ಟರು ಕನ್ನಡಕ ಹಣೆಗೆ ಏರಿಸಿ, "ಸರ್ಕಾರಿ ಶಾಲೆಯಿಂದ ಬ್ರಾಂದಿ ಹಾಸನಕ್ಕೆ ಹೋಗೋದು ಬ್ಯಾಡ ಮೇಷ್ಟ್ರೆ," ಅಂದರು. ಚಾರ್ಟಿನಲ್ಲಿ ಅದು ‘ಪಾನೀಯ’ ಎಂದಾಯಿತು.

ಪಟ್ಟಿಗಳನ್ನು ಒಟ್ಟುಮಾಡುತ್ತಿದ್ದವಳು ಆ ತರಗತಿಯ ಲೀಡರ್ ಹುಡುಗಿ. ಅಜ್ಜಿಯ ಕೈಯಲ್ಲಿ ಬೆಳೆದವಳು, ಮಾತೂ ಅಜ್ಜಿಯದೇ. ಯಾರಾದರೂ ನಾಲ್ಕನೇ ಕಾಲಂ ಖಾಲಿ ಬಿಟ್ಟಿದ್ದರೆ ಅವಳು ನನಗಿಂತ ಜೋರಾಗಿ, "ಯಾರ್ ಯೋಳಿದ್ದು? ನಿಂಗೇನ್ ಕನ್ಸು ಬಿದ್ದಿತ್ತಾ?" ಎಂದು ಹಿಂದಕ್ಕೆ ಎಸೆಯುತ್ತಿದ್ದಳು.

ಒಂದು ದಿನ ಸ್ಟಾಫ್ ರೂಮಿಗೆ ಬಂದು, "ಸಾ, ನೋಟ್‌ಬುಕ್ ಮೊದಲ್ನೇ ಪುಟಕ್ಕೆ ನೀವೊಂದು ಬರ್ಕೊಡಿ. ಮಾದರಿ ಇರ್ಲಿ," ಅಂದಳು.

"ಯಾರ್ದಮ್ಮ?"

ಅವಳು ನೆಲ ನೋಡಿದಳು. "ನಿಮ್ಮನೇದು ಸಾ. ಈ ವರ್ಷ ಮೊದಲ್ನೇ ಪಕ್ಷ ಅಲ್ವಾ."

ಹೌದು. ಮೊದಲನೇ ಪಕ್ಷ. ನೆಂಟರನ್ನು ಕರೆಯಬೇಕು, ಹೊಸ ಸೀರೆ ಇಡಬೇಕು, ಎಲ್ಲಾ ನನ್ನ ಲೆಕ್ಕದಲ್ಲಿತ್ತು. ಪೆನ್ನು ತೆಗೆದು ಸರಸರ ಬರೆದೆ. ತೀರಿಕೊಂಡವರು: ಹೆಂಡತಿ. ಎಡೆಗೆ: ಅಕ್ಕಿರೊಟ್ಟಿ, ಹುಚ್ಚೆಳ್ಳು ಚಟ್ನಿ, ಮೊಸರನ್ನ, ಮಿಡಿ ಉಪ್ಪಿನಕಾಯಿ. ಯಾಕೆ: ಇಷ್ಟ. ಹೇಳಿದವರು: ಗಂಡ.

ಹುಡುಗಿ ಓದಿದಳು. ಮತ್ತೊಂದು ಸಲ ಓದಿದಳು.

"ಸಾ, ಇದು ನಿಮ್ ಟಿಪನ್ ಡಬ್ಬಿ ಕಣ್ ಸಾ."

ನಗುತ್ತಾ ಹೇಳಿದ್ದಲ್ಲ. ಹನ್ನೊಂದು ವರ್ಷದಿಂದ ಆ ಶಾಲೆಯ ಎಲ್ಲ ಮಕ್ಕಳಿಗೂ ನನ್ನ ಡಬ್ಬಿಯಲ್ಲಿ ಏನಿರುತ್ತದೆ ಎಂದು ಗೊತ್ತು. ಬುಧವಾರ ಅಕ್ಕಿರೊಟ್ಟಿ. ವಾಸನೆ ಮೂರು ಕೋಣೆ ದಾಟುತ್ತಿತ್ತು.

"ಅವಳಿಗೂ ಅದೇ ಇಷ್ಟ," ಅಂದೆ.

"ಮೇಡಂ ಯೋಳಿದ್ರಾ ಸಾ?"

ನನ್ನದೇ ಕಾಲಂ ನನ್ನ ಕುತ್ತಿಗೆಗೆ ಬಂದು ಬಿತ್ತು. ‘ನಾಳೆ ಬರೆದುಕೊಡುತ್ತೇನೆ’ ಎಂದು ನೋಟ್‌ಬುಕ್ಕನ್ನು ಬ್ಯಾಗಿಗೆ ಹಾಕಿಕೊಂಡೆ.

ಮನೆಗೆ ಬಂದು ಕೂತು ಯೋಚಿಸಿದೆ. ಇಪ್ಪತ್ತಾರು ವರ್ಷದ ಸಂಸಾರ. ಅವಳು ತಟ್ಟೆಯ ಮುಂದೆ ಕೂತಿರುವ ಒಂದು ಚಿತ್ರವೂ ಮನಸ್ಸಿಗೆ ಬರಲಿಲ್ಲ. ಬಡಿಸುತ್ತಾ ನಿಂತಿರುವುದು ಬಂತು, ಸೌಟು ಬಂತು, "ಇನ್ನೊಂದ್ ಹಾಕ್ಲಾ ರೀ?" ಎಂಬ ದನಿ ಬಂತು. ನಾನು ಕೈ ತೊಳೆದು ಪೇಪರ್ ಹಿಡಿದ ಮೇಲೆ ಅವಳ ಊಟ. ಆಗ ನಾನು ಪ್ರಪಂಚದ ಸುದ್ದಿ ಓದುತ್ತಿದ್ದೆ.

ಹಾಸನದ ಆಸ್ಪತ್ರೆಯಲ್ಲಿ ಮಲಗಿದ್ದಾಗ ಒಂದು ದಿನ ಕೇಳಿದ್ದು ನೆನಪಾಯಿತು. "ಏನಾದ್ರೂ ತಿನ್ಬೇಕು ಅನ್ಸುತ್ತಾ?" ಅಂದಿದ್ದೆ. "ನಿಮ್ದು ಊಟ ಆಯ್ತಾ?" ಎಂದು ಕೇಳಿದಳು. ಆಯಿತು ಅಂದೆ. ಅಲ್ಲಿಗೆ ನನ್ನ ಸಂಶೋಧನೆ ಮುಗಿದಿತ್ತು.

ಚನ್ನರಾಯಪಟ್ಟಣದಲ್ಲಿರುವ ಮಗಳಿಗೆ ಫೋನು ಮಾಡಿದೆ.

"ಅಮ್ಮಂಗಾ? ಗೋಬಿ ಅಂದ್ರೆ ಪ್ರಾಣ ಅಪ್ಪ," ಅಂದಳು ತಡವಿಲ್ಲದೆ. "ಇಲ್ಲಿಗೆ ಬಂದಾಗೆಲ್ಲ ಬಸ್‌ಸ್ಟ್ಯಾಂಡ್ ಹತ್ರ ಗಾಡಿಗೆ ಕರ್ಕೊಂಡೋಗ್ತಿದ್ದೆ."

"ತಿಂತಿದ್ಲಾ?"

"ಹೂಂ. ಎರಡು ಪೀಸು ತಿಂದು, ಮಿಕ್ಕಿದ್ದು ನಂಗೇ..." ಎಂದವಳು ತನ್ನನ್ನೇ ತಿದ್ದಿಕೊಂಡಳು. "ಅಲ್ಲ ಅಪ್ಪ. ಗೋಬಿ ನಂಗೆ ಇಷ್ಟ."

ನಾನು ಸಮಾಜ ವಿಜ್ಞಾನದ ಮೇಷ್ಟ್ರು. ಸತ್ತವರು ಬಂದು ಉಣ್ಣುತ್ತಾರೆ ಎಂದು ಪಾಠ ಮಾಡುವವನಲ್ಲ. ಆದರೆ ಆ ವಾರ ರಾಹುಕಾಲ ನೋಡಿ ಹೊರಡುವವರಿಗಿಂತ ಹೆಚ್ಚು ಹೆದರಿದ್ದೆ. ಅವಳು ಬರುತ್ತಾಳೆ, ಹೊಸ್ತಿಲಲ್ಲಿ ನಿಂತು ನೋಡುತ್ತಾಳೆ, ಎಲೆಯ ಮೇಲೆ ನನ್ನ ಟಿಫನ್ ಡಬ್ಬಿ ಇರುತ್ತದೆ. ‘ನಿಮ್ದು ಊಟ ಆಯ್ತಾ’ ಎಂದು ಕೇಳಿ ಹೊರಟುಹೋಗುತ್ತಾಳೆ. ನಮ್ಮ ಮನೆಯ ಪಕ್ಷಕ್ಕೆ ಇನ್ನು ಐದು ದಿನವಿತ್ತು.

ಮಾರನೇ ದಿನ ಅರ್ಧ ದಿನ ರಜೆ ಹಾಕಿ ಅರಕಲಗೂಡಿಗೆ ಹೋದೆ. ಅಲ್ಲಿ ನನ್ನ ನಾದಿನಿ ಇದ್ದಾಳೆ, ಹೆಂಡತಿಯ ತಂಗಿ. ಮನೆಯಲ್ಲೇ ಬ್ಲೌಸು ಹೊಲಿಯುತ್ತಾಳೆ. ಪಕ್ಷಕ್ಕೆ ಕರೆಯಲು ಬಂದೆ ಎಂದು ಶುರುಮಾಡಿ, ಸುತ್ತಿ ಬಳಸಿ, ಕೊನೆಗೆ ಕೇಳಿದೆ.

ಅವಳು ಹೊಲಿಗೆಯಂತ್ರ ನಿಲ್ಲಿಸಿದಳು. "ಬಾವ, ಇಪ್ಪತ್ತಾರು ವರ್ಸ ಉಂಡು ಈಗ ನನ್ನ ಕೇಳಾಕೆ ಬಂದ್ರಾ?"

"ಪ್ರಾಜೆಕ್ಟ್‌ಗೆ ಬೇಕಿತ್ತು," ಅಂದೆ. ಇಂಥ ಹೊತ್ತಿನಲ್ಲೂ ಅಂಥ ಮಾತು ಬರುತ್ತದೆ ನನಗೆ.

"ಒಣಮೀನು," ಅಂದಳು. "ಒಣಮೀನು ಬದ್ನೇಕಾಯಿ ಸಾರು. ಅಕ್ಕಂಗೆ ಅದಿದ್ರೆ ಇನ್ನೇನೂ ಬ್ಯಾಡ. ನಾಕ್ ಮುದ್ದೆ ಉಣ್ಣೋಳು."

"ನಾಲ್ಕಾ?"

"ನಾಕು. ಯಾಕೆ, ನಿಮ್ಮನೇಲಿ ಎಷ್ಟು ಉಣ್ತಿದ್ಲು?"

ನನಗೆ ಗೊತ್ತಿರಲಿಲ್ಲ.

"ನಮ್ಮನೇಲಿ ಒಂದ್ ದಿನಾನೂ ಮಾಡ್ಲಿಲ್ವಲ್ಲ," ಅಂದೆ.

"ಮಾಡಿದ್ಲು ಬಾವ. ಮದ್ವೆ ಆದ ಹೊಸ್ತ್ರಲ್ಲಿ ಒಂದ್ ಸಲ. ನೀವೇನಂದ್ರಿ ಹೇಳಿ? ‘ಕೋಳಿ ಮಾಡು, ಕುರಿ ಮಾಡು, ಇದ್ ಮಾತ್ರ ಬ್ಯಾಡ. ಪಾಠ ಮಾಡೋ ಷರ್ಟಿಗೆ ವಾಸ್ನೆ ಹತ್ತುತ್ತೆ, ಹುಡುಗ್ರು ನಗ್ತಾರೆ’ ಅಂದ್ರಂತೆ."

ಅಂದಿದ್ದೆನೇ? ಅಂದಿರಬೇಕು. ಆ ಮಾತು ನನ್ನ ಅಳತೆಗೆ ಸರಿಯಾಗಿ ಹೊಲಿದ ಹಾಗಿದೆ. ಅಂದವನು ಮರೆತು ಇಪ್ಪತ್ತಾರು ವರ್ಷ ಆರಾಮಾಗಿದ್ದೆ.

"ಅದಕ್ಕೇ ಇಲ್ಲಿಗೆ ಬಂದಾಗ ಮಾಡಿಸ್ಕೊಂಡು ಉಣ್ಣೋಳು. ಉಂಡಾದ್ಮೇಲೆ ಕೈಗೆ ನಿಂಬೆಹಣ್ಣು ಉಜ್ಜಿ, ತಲೆಗೆ ನೀರು ಹುಯ್ಕೊಂಡು, ಸೀರೆ ಬದ್ಲಾಯಿಸ್ಕೊಂಡು ಬಸ್ ಹತ್ತೋಳು. ‘ಯಾಕಕ್ಕ ಇಷ್ಟೊಂದು’ ಅಂದ್ರೆ, ‘ಪಾಪ, ಅವರಿಗೆ ಆಗಲ್ಲ ಕಣೆ’ ಅನ್ನೋಳು."

ಅರಕಲಗೂಡಿನಿಂದ ಬಂದ ದಿನ ಅವಳ ತಲೆ ಒದ್ದೆಯಾಗಿರುತ್ತಿತ್ತು. ಸೋಪಿನ ವಾಸನೆ ಬರುತ್ತಿತ್ತು. ಬಸ್ಸಿನ ಧೂಳಿಗೆ ತೊಳೆದುಕೊಂಡಿದ್ದಾಳೆ, ನಮ್ಮ ಮನೆಯವಳು ಬಹಳ ಶುಚಿ ಎಂದುಕೊಳ್ಳುತ್ತಿದ್ದೆ. ಸ್ನೇಹಿತರ ಹತ್ತಿರ ಹೇಳಿಯೂ ಇದ್ದೆ.

ನಾದಿನಿ ಮತ್ತೆ ಯಂತ್ರ ತುಳಿಯತೊಡಗಿದಳು. ಸ್ವಲ್ಪ ಹೊತ್ತಾದ ಮೇಲೆ, "ಅಳ್ಬ್ಯಾಡಿ ಬಾವ, ಬ್ಲೌಸ್ ಪೀಸು ಅದು, ಟವಲ್ ಕೊಡ್ತೀನಿ ತಡೀರಿ," ಅಂದಳು.

ಶಾಲೆಯ ದಾರಿಯಲ್ಲಿ ಸಿಗುವ ಸಂತೆಯಲ್ಲಿ ಒಣಮೀನಿನವರು ಒಂದು ಮೂಲೆಯಲ್ಲಿ ಕೂರುತ್ತಾರೆ. ಆ ಮೂಲೆಯನ್ನು ನಾನು ಇಷ್ಟು ವರ್ಷ ಮೂಗು ಮುಚ್ಚಿಕೊಂಡು ದಾಟಿದವನು. ಈ ಸಲ ಹೋಗಿ ನಿಂತೆ. ಮಾರುವ ಹೆಂಗಸು, "ಯಾವುದ್ ಕೊಡ್ಲಿ ಸಾ?" ಎಂದಳು. ಅದರಲ್ಲಿ ಬಗೆಗಳಿವೆ ಎಂದೇ ನನಗೆ ತಿಳಿದಿರಲಿಲ್ಲ. "ಬದನೆಕಾಯಿ ಜೊತೆ ಹಾಕೋದು," ಅಂದೆ. "ಮನೇವ್ರನ್ನ ಕೇಳ್ಕಂಡು ಬರ್ಬಾರ್ದಾ?" ಎಂದು ಬೈದುಕೊಂಡೇ ಕಟ್ಟಿಕೊಟ್ಟಳು. ಎರಡು ಪೇಪರು, ಮೂರು ಪ್ಲಾಸ್ಟಿಕ್ ಕವರು ಸುತ್ತಿ ಬ್ಯಾಗಿನ ತಳದಲ್ಲಿಟ್ಟೆ. ಆದರೂ ಬಸ್ಸಿನಲ್ಲಿ ವಾಸನೆ ಎದ್ದಿತು. ಜನ ತಿರುಗಿ ನೋಡತೊಡಗಿದರು. ನಾನೂ ತಿರುಗಿ, ಹಿಂದಿನ ಸೀಟಿನವನನ್ನು ದುರುಗುಟ್ಟಿ ನೋಡಿದೆ. ಇಪ್ಪತ್ತಾರು ವರ್ಷದ ಅಭ್ಯಾಸ ಒಂದು ದಿನಕ್ಕೆ ಹೋಗುವುದಿಲ್ಲ.

ನಮ್ಮ ಮನೆಯ ಪಕ್ಷ ಭಾನುವಾರ. ಮಗಳು ಹಿಂದಿನ ದಿನವೇ ಬಂದಿದ್ದಳು, ನಾದಿನಿ ಬೆಳಗಿನ ಬಸ್ಸಿಗೆ ಬಂದಳು. ಒಣಮೀನನ್ನು ನಾನೇ ಮಾಡುತ್ತೇನೆ ಅಂದೆ. ನಾದಿನಿ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತು ಹೇಳಿಕೊಟ್ಟಳು.

"ಹುರೀರಿ ಬಾವ. ದೂರ ನಿಂತ್ಕಂಡು ಯಾಕ್ ಹುರೀತೀರಾ? ಅದು ಸತ್ತೋಗದೆ, ಕಚ್ಚಾಕಿಲ್ಲ."

"ಅಪ್ಪಾ, ಕಿಟ್ಕಿ ತೆಗೀಲಾ?" ಎಂದಳು ಮಗಳು ಸೆರಗು ಮೂಗಿಗೆ ಹಿಡಿದು.

"ಬೇಡ, ಇರಲಿ," ಅಂದೆ. ಹೇಳಿದ ತಕ್ಷಣ ಕೆಮ್ಮು ಬಂತು.

ಎಲೆ ಹಾಸಿದೆವು. ಹೊಸ ಸೀರೆ, ಬಳೆ, ಹೂವು. ನಾಲ್ಕು ಮುದ್ದೆ ಇಟ್ಟೆ. ಮಗಳು ನಾಲ್ಕು ಯಾಕೆ ಎಂದು ಕೇಳಲು ಹೊರಟಳು. ನಾದಿನಿ ಅವಳ ಕೈ ಹಿಡಿದಳು. ಒಂದು ಮೂಲೆಯಲ್ಲಿ ಎರಡು ತುಂಡು ಗೋಬಿಯೂ ಬಂದು ಕೂತಿತ್ತು. ಯಾರು ಇಟ್ಟರೆಂದು ನಾನೂ ಕೇಳಲಿಲ್ಲ. ಧೂಪ ಹಾಕಿ, ಬಾಗಿಲು ಮುಂದೆ ಮಾಡಿಕೊಂಡು ಹೊರಗೆ ಬಂದು ನಿಂತೆವು.

ಆ ಐದು ನಿಮಿಷ ಬಾಗಿಲಿನ ಸಂದಿಯಿಂದ ಬರುತ್ತಿದ್ದದ್ದು ಧೂಪದ ವಾಸನೆ ಅಲ್ಲ. ಪಕ್ಕದ ಮನೆಯಾಕೆ ಗೇಟಿನ ಹತ್ತಿರ ಬಂದು, "ಮೇಷ್ಟ್ರೆ, ಒಳಗೇನೋ..." ಎಂದು ಶುರುಮಾಡಿ, ನಾವು ನಿಂತಿರುವುದನ್ನು ನೋಡಿ ಅರ್ಥಮಾಡಿಕೊಂಡು ಒಳಗೆ ಹೋದರು. ನಾನು ಹೊಸ್ತಿಲನ್ನೇ ನೋಡುತ್ತಿದ್ದೆ. ಅಲ್ಲಿಂದ ಯಾರೂ ವಾಪಸ್ಸು ಹೋಗಲಿಲ್ಲ. ಅಷ್ಟು ಮಾತ್ರ ಹೇಳಬಲ್ಲೆ.

ಆಮೇಲೆ ಎಡೆಯ ಮುಂದೆ ಕೂತು ತಿಂದೆ. ಇಷ್ಟವಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಮೀನಿನ ಉಪ್ಪನ್ನು ಬಿಸಿನೀರಿನಲ್ಲಿ ಸರಿಯಾಗಿ ತೊಳೆದಿರಲಿಲ್ಲ. ಅದರ ಮೇಲೆ ಸಾರಿಗೂ ಉಪ್ಪು ಹಾಕಿದ್ದೆ. ನಾದಿನಿ ಒಂದು ತುತ್ತು ಬಾಯಿಗಿಟ್ಟು, "ಅಕ್ಕ ಒಳ್ಳೇಳು, ಸುಮ್ನೆ ಉಂಡಿರ್ತಾಳೆ," ಅಂದಳು. ಮೂರು ಜನವೂ ನಕ್ಕೆವು. ಆ ಮನೆಯಲ್ಲಿ ಶಿವರಾತ್ರಿಯಿಂದ ಈಚೆಗೆ ಅದೇ ಮೊದಲು. ನಾನು ಒಂದೂವರೆ ಮುದ್ದೆ ಉಂಡೆ. ಅದಕ್ಕಿಂತ ಹೆಚ್ಚು ನನ್ನಿಂದ ಆಗಲಿಲ್ಲ.

ಸೋಮವಾರ ಸ್ಟಾಫ್ ರೂಮಿಗೆ ಹುಡುಗಿ ಬಂದಳು. ನೋಟ್‌ಬುಕ್ಕಿನ ಮೊದಲನೇ ಪುಟ ತೆಗೆದು, ಹಳೆಯ ಸಾಲು ಹೊಡೆದುಹಾಕಿ, ಅವಳ ಕೈಗೆ ಕೊಟ್ಟೆ. "ನೀನೇ ಬರ್ಕೊ, ಹೇಳ್ತೀನಿ," ಅಂದೆ.

"ತೀರಿಕೊಂಡವರು?"

"ಹೆಂಡತಿ."

"ಎಡೆಗೆ?"

"ಒಣಮೀನು ಬದನೆಕಾಯಿ ಸಾರು. ನಾಲ್ಕು ಮುದ್ದೆ."

ಅವಳ ಪೆನ್ನು ಒಂದು ಕ್ಷಣ ನಿಂತು ಮುಂದೆ ಹೋಯಿತು. "ಯಾಕೆ ಸಾ?"

"ಇಷ್ಟ. ಬದುಕಿದ್ದಾಗ ಮನೇಲಿ ಸಿಗ್ತಿರ್ಲಿಲ್ಲ."

"ಮೈಸೂರ್‌ಪಾಕ್ ತಾತನ ತರ," ಎಂದು ತನಗೇ ಹೇಳಿಕೊಂಡು ಬರೆದಳು. ಆಮೇಲೆ ನಾಲ್ಕನೇ ಕಾಲಮ್ಮಿನ ಮೇಲೆ ಪೆನ್ನು ಇಟ್ಟು ತಲೆ ಎತ್ತಿದಳು. ಹೊಡೆದುಹಾಕಿದ ಸಾಲಿನಲ್ಲಿ ‘ಗಂಡ’ ಎಂದು ನನ್ನ ದುಂಡು ಅಕ್ಷರ ಇನ್ನೂ ಕಾಣುತ್ತಿತ್ತು. ಅದನ್ನೇ ಇನ್ನೊಂದು ಸಲ ಬರೆದರೂ ಹಾಸನದಲ್ಲಿ ಯಾರಿಗೂ ಗೊತ್ತಾಗುತ್ತಿರಲಿಲ್ಲ.

"ತಂಗಿ," ಅಂದೆ. "ತಂಗಿ ಹೇಳಿದ್ದು."

ಅವಳು ಬರೆದು, ಪುಟಕ್ಕೆ ಊದಿ, ನೋಟ್‌ಬುಕ್ ಮುಚ್ಚಿದಳು. ಬಾಗಿಲವರೆಗೆ ಹೋದವಳು ತಿರುಗಿ ನಿಂತಳು.

"ಸಾ, ಬೇಜಾರ್ ಮಾಡ್ಕಬ್ಯಾಡಿ. ನಿಮ್ ಷರ್ಟು ವಾಸ್ನೆ ಬತ್ತೈತೆ."

"ಗೊತ್ತು ಕಣಮ್ಮ," ಅಂದೆ. ಎಂಟನೇ ತರಗತಿಗೆ ಹೊತ್ತಾಗಿತ್ತು. ಡಸ್ಟರು ತೆಗೆದುಕೊಂಡು ಹೋದೆ. ಮುಂದಿನ ಬೆಂಚಿನವರು ಮೂಗು ಹಿಡಿದುಕೊಂಡು ನಕ್ಕರು. ನಕ್ಕು ಮುಗಿಸಲಿ ಎಂದು ಕಾದು, ಪಾಠ ಶುರುಮಾಡಿದೆ.